ತಾರಸಿಗೆ ಜೇನು ಕರೆಯೋಣ ಬನ್ನಿ

ನಮ್ಮ ತಾರಸಿಯ ಸಿಹಿಗುಂಬಳದ ಬಳ್ಳಿಯಲ್ಲಿ ಆ ವರ್ಷ ಹೂವೋ ಹೂವು. ಆದರೆ ನೆಲ್ಲಿಕಾಯಿ ಗಾತ್ರಕ್ಕೆ ಬಂದ ಮಿಡಿಗಳೆಲ್ಲ ಹಳದಿಯಾಗಿ ಉದುರಿ ಹೋಗ್ತಿದ್ದವು. ಗೊಬ್ಬರ ಹಾಕಿದ್ದಾಯ್ತು, ಹುಳಿ ಮಜ್ಜಿಗೆ ಸುರಿದಿದ್ದಾಯ್ತು, ದೃಷ್ಟಿ ತಾಕಿದೆ ಅಂತ ಅತ್ತೆ ಹಳೇ ಚಪ್ಪಲಿಯನ್ನೂ ಕಟ್ಟಿದರು. ಊರಿಂದ ಬಂದ ದೊಡ್ಡಮ್ಮ ಬಳ್ಳಿ ಹತ್ತಿರ ಸ್ವಲ್ಪ ಹೊತ್ತು ಕೂತು, "ಒಂದು ಜೇನೂ ಸುಳೀತಿಲ್ವಲ್ಲೇ, ಕಾಯಿ ಹೇಗೆ ಕಚ್ಚುತ್ತೆ?" ಅಂದರು.

ನಿಜ ತಾನೇ? ಕುಂಬಳ, ಸೌತೆಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಬೆಳಗಿನ ಹೊತ್ತು ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸೋರು ಬೇಕು. ಗಂಡು ಹೂ ಕಿತ್ತು ನಾವೇ ಸವರಬಹುದು, ಆದರೆ ಟಿಫನ್ ಡಬ್ಬಿ ಕಟ್ಟೋ ಗಡಿಬಿಡಿಯಲ್ಲಿ ದಿನಾ ಅದಾಗುತ್ತಾ? ಇನ್ನು ಕುಂಬಳ ಹೂ ಬಿಡೋದು ಕೆಲವು ವಾರ ಮಾತ್ರ. ಜೇನಿಗೆ ವರ್ಷವಿಡೀ ಊಟ ಬೇಕು. ಮಕರಂದ ಅದರ ಪಾಲಿಗೆ ಅನ್ನ, ಹಾರಾಡೋ ಶಕ್ತಿ ಅದರಿಂದಲೇ. ಪರಾಗ ಬೇಳೆ ಇದ್ದ ಹಾಗೆ, ಮರಿಗಳು ಬೆಳೆಯೋಕೆ ಬೇಕಾದ ಪ್ರೋಟೀನು ಅದರಲ್ಲಿದೆ. ಆದ್ದರಿಂದ ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಉಳಿಯೋ ಗಿಡಗಳೇ ವಾಸಿ.

ಮೊದಲನೆಯದು ತುಳಸಿ. ಅದು ಎಲ್ಲರ ಮನೆಯಲ್ಲೂ ಇದೆ ಅಂತೀರಾ? ಇದೆ, ಆದರೆ ಕದಿರು ಬಂದ ಕೂಡಲೇ ನಾವು ಚಿವುಟಿ ಹಾಕ್ತೇವೆ. ಹಾಗೆ ಮಾಡಿದರೆ ಗಿಡ ಪೊದೆಯಾಗಿ ಬೆಳೆಯುತ್ತೆ ಅನ್ನೋದೂ ಸರಿಯೇ. ನಾನು ಕಂಡುಕೊಂಡ ಉಪಾಯ ಇದು: ಪೂಜೆಯ ತುಳಸಿ ಕಟ್ಟೆಯಲ್ಲಿರಲಿ, ಇನ್ನೆರಡು ಗಿಡ ತಾರಸಿಯಲ್ಲಿ ಬೇರೆ ಕುಂಡದಲ್ಲಿರಲಿ. ಅವುಗಳ ಹೂ ಮುಟ್ಟಬೇಡಿ. ಒಣಗಿದ ಕದಿರು ಮಾತ್ರ ಕತ್ತರಿಸಿ, ಮತ್ತೆ ಚಿಗುರುತ್ತೆ. ಕರಿಬೇವಿನದೂ ಇದೇ ಕಥೆ. ಒಗ್ಗರಣೆಗೆ ಅಂತ ದಿನಾ ಮುರೀತಾ ಇದ್ದರೆ ಹೂ ಬರೋದಾದರೂ ಯಾವಾಗ? ಒಂದು ಕೊಂಬೆ ಬಿಟ್ಟುಬಿಡಿ, ಬಿಳಿ ಗೊಂಚಲು ಬಂದಾಗ ನೋಡಿ.

ಜಾಗ ಇದ್ದವರಿಗೆ ನುಗ್ಗೆಯಂಥ ಗಿಡ ಇನ್ನೊಂದಿಲ್ಲ. ಸೊಪ್ಪು, ಕಾಯಿ ನಮಗೆ, ಹೂ ಜೇನಿಗೆ. ನಿಂಬೆ, ಸೀಬೆ ದೊಡ್ಡ ಡ್ರಮ್‌ನಲ್ಲೂ ಬರುತ್ತವೆ. ಗ್ರಿಲ್‌ಗೆ ಹಬ್ಬಿಸೋಕೆ ಗುಲಾಬಿ ಬಣ್ಣದ ಗೊಂಚಲು ಬಿಡೋ ಆಂಟಿಗೋನನ್ ಬಳ್ಳಿ. ಬಿಸಿಲಿದ್ದರೆ ಹೆಚ್ಚು ಕಡಿಮೆ ವರ್ಷಪೂರ್ತಿ ಹೂ. ಆದರೆ ಕತ್ತರಿ ಕೈಯಲ್ಲೇ ಇರಲಿ, ಬಿಟ್ಟರೆ ಪಕ್ಕದ ಮನೆಗೂ ಹಬ್ಬುತ್ತೆ! ಲಂಟಾನ ಮಾತ್ರ ಬೇಡ. ಬಂಡೀಪುರದ ಕಾಡನ್ನು ಅದು ನುಂಗಿರೋದು ಸಾಲದೇ?

ನರ್ಸರಿಯಲ್ಲಿ ಸುತ್ತುಸುತ್ತು ಎಸಳಿನ ಹೂ ನೋಡಿ ಮರುಳಾಗಬೇಡಿ. ಅವುಗಳಲ್ಲಿ ಕೇಸರಗಳೇ ಎಸಳಾಗಿ ಹೋಗಿರುವುದರಿಂದ ಪರಾಗ ಕಡಿಮೆ. ಜೇನಿಗೆ ಒಂಟಿ ಎಸಳಿನ ಹೂ ಒಳ್ಳೇದು.

"ಜೇನಾ? ಅಯ್ಯೋ, ಮಕ್ಕಳಿಗೆ ಕಚ್ಚಿದರೆ?" ಅಂತ ಎದುರುಮನೆಯಾಕೆ ಕೇಳಿದರು. ಹೂ ಮೇಲೆ ಕೂತ ಜೇನು ತನ್ನ ಪಾಡಿಗೆ ತಾನಿರುತ್ತೆ, ಅದುಮಿದರೆ ಮಾತ್ರ ಕುಟುಕೋದು. ಕುಟುಕಿದರೆ ಮುಳ್ಳನ್ನು ತಕ್ಷಣ ಕೆರೆದು ತೆಗೆಯಿರಿ. ಉಸಿರು ಕಟ್ಟಿದರೆ, ಮುಖ ಊದಿಕೊಂಡರೆ ಮಾತ್ರ ಮನೆಮದ್ದು ಮಾಡ್ತಾ ಕೂರದೆ ಆಸ್ಪತ್ರೆಗೆ ಓಡಿ. ಎತ್ತರದ ಕಟ್ಟಡಗಳ ಸಜ್ಜಾದಲ್ಲಿ ಗೂಡು ಕಟ್ಟೋ ಹೆಜ್ಜೇನಿನ ಹತ್ತಿರ ಹೋಗಬಾರದು ನಿಜ. ಆದರೆ ಅದು ಋತುವಿಗೆ ತಕ್ಕಂತೆ ವಲಸೆ ಹೋಗೋ ಜಾತಿ, ತಾನಾಗೇ ಖಾಲಿ ಮಾಡುತ್ತೆ. ನಮ್ಮ ರಸ್ತೆಯಲ್ಲೇ ಒಂದು ಗೂಡಿಗೆ ಔಷಧಿ ಹೊಡೆಸಿದ ಮರುದಿನ ಮೆಟ್ಟಿಲ ತುಂಬ ಸತ್ತ ಜೇನು ಗುಡಿಸಿದ್ದು ನೋಡಿ ಹೊಟ್ಟೆ ಕಿವುಚಿತು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ನಮ್ಮ ಕೊಡಗು, ಮಲೆನಾಡಿನ ತುಡುವೆ ಜೇನಿನ ಪೆಟ್ಟಿಗೆಗಳು ಖಾಲಿಯಾದವು. ಈಗ ನಾವೇ ಸ್ಪ್ರೇ ಹಿಡಿದು ನಿಂತರೆ?

ಹಾಗಂತ ಗಿಡಕ್ಕೆ ಹುಳ ಬಿದ್ದರೆ ಸುಮ್ಮನಿರೋಕಾಗಲ್ಲ. ಮೊದಲು ನೀರು ರಭಸವಾಗಿ ಹಾಯಿಸಿ. ಬೇವಿನೆಣ್ಣೆ ಹೊಡೆಯೋದಾದರೂ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ ಹೊತ್ತು, ಹೂ ಬಿಟ್ಟು ಎಲೆಗೆ ಮಾತ್ರ. ಬೇಸಿಗೆಯಲ್ಲಿ ಅಗಲವಾದ ತಟ್ಟೆಯಲ್ಲಿ ನೀರಿಡಿ, ಒಳಗೆ ನಾಲ್ಕು ಬೆಣಚುಕಲ್ಲು ಹಾಕಿ. ಕೂರೋಕೆ ಜಾಗವಿಲ್ಲದಿದ್ದರೆ ಪಾಪ, ಮುಳುಗಿ ಸಾಯ್ತವೆ.

ತುಳಸಿ ಬೇರೆ ಕುಂಡಕ್ಕೆ ಹೋದ ಮಾರನೇ ವರ್ಷ ನಮ್ಮಲ್ಲಿ ಮೂರು ಕುಂಬಳಕಾಯಿ ಬಲಿತವು. ಒಂದು ದೊಡ್ಡಮ್ಮನಿಗೆ ಹೋಯ್ತು, ಇನ್ನೊಂದು ಎದುರುಮನೆಗೆ.