ಪರಸ್ಥಳದಲ್ಲಿ ಓಟ

ಮೈಸೂರಿನ ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಳ್ಳೋಣ. ದಿನವೂ ಮುಂಜಾನೆ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ 5 ಕಿಲೋಮೀಟರು ಓಡುವುದು ಅವನ ವಾಡಿಕೆ. ಬೇಸಗೆಯ ರಜೆಯಲ್ಲಿ ಮೂರು ವಾರ ಮಂಗಳೂರಿನ ಸೋದರಮಾವನ ಮನೆಯಲ್ಲಿ ಇರಬೇಕಾಗಿ ಬಂದಿತು. ಓಟದ ಬೂಟುಗಳನ್ನು ಮರೆಯದೆ ಕೊಂಡೊಯ್ದನು. ಮೊದಲನೆಯ ದಿನ ಪ್ರಯಾಣದ ಆಯಾಸ. ಎರಡನೆಯ ದಿನ ದಾರಿ ತಿಳಿಯದು. ಮೂರನೆಯ ದಿನ ಎಂಟು ಗಂಟೆಯ ಬಿಸಿಲಿನಲ್ಲಿ, ಬಸ್ಸುಗಳ ನಡುವೆ, ಒಂದು ಕಿಲೋಮೀಟರು ಓಡುವಷ್ಟರಲ್ಲಿ ಬೆವರಿನಿಂದ ತೊಯ್ದು ಏದುಸಿರು ಬಿಡುತ್ತ ಹಿಂದಿರುಗಿದನು. ಬೂಟುಗಳು ಮತ್ತೆ ಪೆಟ್ಟಿಗೆ ಸೇರಿದವು.

ಇಂಥವನು ತನ್ನ ಸೋಮಾರಿತನವನ್ನು ಹಳಿದುಕೊಳ್ಳುವುದು ಸಾಮಾನ್ಯ. ಆದರೆ ಇದರಲ್ಲಿ ಸೋಮಾರಿತನದ ಪಾಲು ಅಲ್ಪ. ಹೊಸ ಊರಿನ ಗಾಳಿಯನ್ನೂ ನೆಲವನ್ನೂ ಅವನು ಅರಿತಿರಲಿಲ್ಲ. ಅವುಗಳಿಂದ ಪಡೆಯಬಹುದಾದ ಸಹಾಯವನ್ನಂತೂ ಅರಿತಿರಲೇ ಇಲ್ಲ.

ಮೂರು ವಾರ ಓಡದಿದ್ದರೆ ಆಗುವ ನಷ್ಟವೇನು? ಅಮೆರಿಕದ ಶರೀರವಿಜ್ಞಾನಿ ಎಡ್ವರ್ಡ್ ಕಾಯ್ಲ್ ಮತ್ತು ಅವರ ಸಂಗಡಿಗರು 1984ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಚೆನ್ನಾಗಿ ಪಳಗಿದ ಕ್ರೀಡಾಪಟುಗಳು ಅಭ್ಯಾಸವನ್ನು ಬಿಟ್ಟಾಗ, ಅವರ ದೇಹವು ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ಎರಡು ಮೂರು ವಾರಗಳಲ್ಲಿಯೇ ಶೇಕಡಾ 7ರಷ್ಟು ಕುಗ್ಗಿತು. ಹೃದಯವು ಒಂದೊಂದು ಬಡಿತಕ್ಕೆ ಹೊರಹಾಕುವ ರಕ್ತದ ಪ್ರಮಾಣ ಇಳಿದುದೇ ಇದಕ್ಕೆ ಮುಖ್ಯ ಕಾರಣ. ಸಮಾಧಾನದ ಸಂಗತಿಯೂ ಒಂದುಂಟು. ವ್ಯಾಯಾಮವನ್ನು ವಾರಕ್ಕೆ 6 ದಿನಗಳಿಂದ 2 ದಿನಗಳಿಗೆ ಇಳಿಸಿದರೂ, ಅದರ ರಭಸವನ್ನು ಇಳಿಸದಿದ್ದಲ್ಲಿ, ಗಳಿಸಿದ ಸಾಮರ್ಥ್ಯವನ್ನು ಹಲವು ವಾರ ಉಳಿಸಿಕೊಳ್ಳಬಹುದೆಂದು 1981ರ ಅಧ್ಯಯನವೊಂದು ತೋರಿಸಿತು. ಪ್ರವಾಸಿಯು ದಿನವೂ ಓಡಬೇಕಾಗಿಲ್ಲ; ಪೂರ್ತಿಯಾಗಿ ಬಿಡದಿದ್ದರೆ ಸಾಕು.

ಇನ್ನು ಗಾಳಿಯ ವಿಚಾರ. ಓಡುವಾಗ ದೇಹದ ಪ್ರತಿ ಕಿಲೋಗ್ರಾಂ ತೂಕಕ್ಕೆ, ಪ್ರತಿ ಕಿಲೋಮೀಟರಿಗೆ, ಸುಮಾರು 1 ಕಿಲೋಕ್ಯಾಲೊರಿ ಶಕ್ತಿ ವೆಚ್ಚವಾಗುತ್ತದೆ. 60 ಕಿಲೋಗ್ರಾಂ ತೂಕದ ತರುಣ 5 ಕಿಲೋಮೀಟರು ಓಡಿದರೆ 300 ಕಿಲೋಕ್ಯಾಲೊರಿ. ಇದರಲ್ಲಿ ಮುಕ್ಕಾಲು ಪಾಲು, ಎಂದರೆ ಕಡಿಮೆಯೆಂದರೂ 225 ಕಿಲೋಕ್ಯಾಲೊರಿ, ಬರಿಯ ಶಾಖವಾಗುತ್ತದೆ. ಅಷ್ಟು ತೂಕದ ದೇಹದ ಉಷ್ಣತೆಯನ್ನು 1 ಡಿಗ್ರಿ ಸೆಂಟಿಗ್ರೇಡ್ ಏರಿಸಲು ಸುಮಾರು 50 ಕಿಲೋಕ್ಯಾಲೊರಿ ಸಾಕು. ಶಾಖವೆಲ್ಲ ಒಳಗೇ ಉಳಿಯುವುದಾದರೆ 37 ಡಿಗ್ರಿಯ ದೇಹ ಓಟ ಮುಗಿಯುವ ವೇಳೆಗೆ 41 ಡಿಗ್ರಿಯನ್ನು ಮೀರಬೇಕು! ಅದು ಪ್ರಾಣಾಪಾಯದ ಮಟ್ಟ.

ಈ ಅಪಾಯದಿಂದ ನಮ್ಮನ್ನು ಕಾಯುವುದು ಮುಖ್ಯವಾಗಿ ಬೆವರು. ಒಂದು ಲೀಟರು ಬೆವರು ಆವಿಯಾಗುವಾಗ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೀರಿಕೊಳ್ಳುತ್ತದೆ. ಇಲ್ಲಿ ಗಮನಿಸಬೇಕಾದ ಮಾತೆಂದರೆ, ಬೆವರು ಸುರಿದರೆ ಸಾಲದು, ಆರಬೇಕು. ಮೈಸೂರಿನ ಒಣಗಾಳಿಯಲ್ಲಿ ಅದು ಬೇಗ ಆರುತ್ತದೆ. ಕರಾವಳಿಯ ಗಾಳಿ ಈಗಾಗಲೇ ನೀರಾವಿಯಿಂದ ತುಂಬಿರುವುದರಿಂದ ಬೆವರು ಆರದೆ ತೊಟ್ಟಿಕ್ಕುತ್ತದೆ. ನೀರು ನಷ್ಟವಾಯಿತು, ತಂಪು ದೊರೆಯಲಿಲ್ಲ. ನಮ್ಮ ವಿದ್ಯಾರ್ಥಿ ಬಳಲಿದುದು ಇದರಿಂದಲೇ. ದೇಹ ಇಂಥ ಹವೆಗೆ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಸೂರ್ಯೋದಯಕ್ಕೆ ಹೊರಡುವುದು, ವೇಗವನ್ನು ತಗ್ಗಿಸುವುದು, ದೂರವನ್ನು ಅರ್ಧಕ್ಕೆ ಇಳಿಸುವುದು ವಿವೇಕ. ತಲೆ ಸುತ್ತಿದರೆ ಅಥವಾ ಚಳಿ ಹಿಡಿದಂತಾದರೆ ಕೂಡಲೆ ನಿಂತು ನೆರಳು ಸೇರಬೇಕು. ಇಲ್ಲಿ ಛಲ ಸಲ್ಲದು.

ಬೆಟ್ಟದೂರಿಗೆ ಹೋದವರ ಕಷ್ಟ ಬೇರೆ ಬಗೆಯದು. ಸುಮಾರು 3,500 ಮೀಟರು ಎತ್ತರದಲ್ಲಿರುವ ಲೇಹ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಮೂರನೆಯ ಎರಡು ಪಾಲು ಮಾತ್ರ. ಒಂದೊಂದು ಉಸಿರಿಗೂ ಆಮ್ಲಜನಕ ಅಷ್ಟೇ ಕಡಿಮೆ. ಅಲ್ಲಿ ಮೊದಲ ಕೆಲವು ದಿನ ಓಟದ ಯೋಚನೆಯನ್ನೇ ಬಿಟ್ಟು ಮೆಲ್ಲನೆ ನಡೆಯುವುದು ಲೇಸು.

ಮತ್ತೆ ಮಂಗಳೂರಿಗೆ ಬರೋಣ. ನಗರದ ಉತ್ತರಕ್ಕೆ ಪಣಂಬೂರಿನ ಕಡಲತೀರವಿದೆ. ಅಲ್ಲಿ ಬೀಸುವ ಗಾಳಿ ಬೆವರನ್ನು ಆರಿಸಲು ನೆರವಾಗುತ್ತದೆ. ಆದರೆ ಒಣಮರಳಿನಲ್ಲಿ ಕಾಲು ಹೂಳುತ್ತದೆ. ಗಟ್ಟಿನೆಲಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಅಲೆಗಳು ಆಗತಾನೆ ಹಿಂದೆ ಸರಿದ ಒದ್ದೆಮರಳು ಗಟ್ಟಿಯಾಗಿರುತ್ತದೆ. ಇಳಿತದ ಹೊತ್ತಿನಲ್ಲಿ ಅದರ ಪಟ್ಟಿ ಅಗಲವಾಗಿರುತ್ತದೆ. ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ, ಇಂದು ನೋಡಿಕೊಂಡರೆ ನಾಳೆಯದನ್ನು ಲೆಕ್ಕ ಹಾಕಬಹುದು. ತೀರವು ನೀರಿನ ಕಡೆಗೆ ಇಳಿಜಾರಾಗಿರುವ ಕಾರಣ, ಹೋದ ದಾರಿಯಲ್ಲಿಯೇ ಹಿಂದಿರುಗಿದರೆ ಎರಡು ಕಾಲುಗಳಿಗೂ ಸಮನಾದ ಶ್ರಮ ಬೀಳುತ್ತದೆ.

ಹೀಗೆ ಆರಿಸಿದ ಜಾಗದಿಂದ ಮನಸ್ಸಿಗೂ ಲಾಭವುಂಟು. ಪೆನ್ನೆಬೇಕರ್ ಮತ್ತು ಲೈಟ್ನರ್ ಎಂಬ ಮನೋವಿಜ್ಞಾನಿಗಳು 1980ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳು ಒಂದೇ ದೂರವನ್ನು ಕೆಲವು ದಿನ ಮೈದಾನದ ಸುತ್ತುದಾರಿಯಲ್ಲಿಯೂ ಕೆಲವು ದಿನ ಮರಗಳ ನಡುವಣ ಕಾಲುದಾರಿಯಲ್ಲಿಯೂ ಓಡಿದರು. ಕಾಲುದಾರಿಯಲ್ಲಿ ಅವರ ವೇಗ ಹೆಚ್ಚಿತು; ಆದರೂ ಆಯಾಸ ಹೆಚ್ಚಿತೆಂದು ಅವರು ಹೇಳಲಿಲ್ಲ. ಗಮನವು ಒಂದು ಮಿತಿಯುಳ್ಳ ವಸ್ತು. ಕಣ್ಣು ಕಿವಿಗಳಿಗೆ ಹೊಸದು ದೊರೆತಾಗ, ಕಾಲುನೋವು ಏದುಸಿರುಗಳಿಗೆ ಸಲ್ಲುವ ಗಮನ ಕಡಿಮೆಯಾಗುತ್ತದೆ. ಅಪರಿಚಿತವೆಂದು ನಾವು ಹಿಂಜರಿಯುವ ಜಾಗವೇ ಓಟವನ್ನು ಹಗುರಮಾಡಬಲ್ಲುದು! ಆದರೆ ಆ ಗಮನವನ್ನು ವಾಹನಗಳ ಭಯ ಕಸಿದುಕೊಳ್ಳಬಾರದು. ಆದುದರಿಂದ ಬಸ್ಸಿನ ರಸ್ತೆಗಿಂತ ಕೆರೆಯ ದಂಡೆ, ಉದ್ಯಾನ, ಕಾಲೇಜಿನ ಮೈದಾನಗಳು ಮೇಲು. ಬೆಳಗಿನ ವಾಯುಸೇವನೆಗೆ ಹತ್ತಾರು ಜನ ಬರುವ ತಾಣವಾದರೆ ಒಂಟಿಯಾಗಿ ಓಡುವವರಿಗೆ ಧೈರ್ಯವೂ ಇರುತ್ತದೆ. ಇಂಥ ತಾಣ ಎಲ್ಲಿದೆಯೆಂಬುದನ್ನು ಹಿಂದಿನ ಸಂಜೆ ಮನೆಯವರಿಂದ ಕೇಳಿ, ಒಮ್ಮೆ ನಡೆದು ನೋಡಿಬರಬೇಕು.

ಆ ಸಂಜೆಯ ನಡಿಗೆಗೆ ಇನ್ನೊಂದು ಪ್ರಯೋಜನವೂ ಇದೆ. ವ್ಯಾಯಾಮದ ಬಗೆಗೆ 2002ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವ್ಯಾಯಾಮದ ಹಿರಿಮೆಯನ್ನು ಮಾತ್ರ ಓದಿದ ವಿದ್ಯಾರ್ಥಿಗಳು ಏನನ್ನೂ ಓದದವರಿಗಿಂತ ಹೆಚ್ಚಾಗಿ ವ್ಯಾಯಾಮ ಮಾಡಲಿಲ್ಲ. ಎರಡು ಗುಂಪುಗಳಲ್ಲಿಯೂ ಮಾಡಿದವರು ನೂರಕ್ಕೆ ನಾಲ್ವತ್ತಕ್ಕಿಂತ ಕಡಿಮೆ. ಅದನ್ನು ಓದಿದ ಮೇಲೆ ಇಂಥ ದಿನ, ಇಷ್ಟು ಗಂಟೆಗೆ, ಇಂಥ ಜಾಗದಲ್ಲಿ ಎಂದು ನಿಶ್ಚಯಿಸಿಕೊಂಡವರಲ್ಲಿ ನೂರಕ್ಕೆ 91 ಮಂದಿ ಮಾಡಿದರು. ಊರು ಬದಲಾದಾಗ ಕಳೆದುಹೋಗುವುದು ಉತ್ಸಾಹವಲ್ಲ, ಈ ನಿಶ್ಚಯ. ಕುಕ್ಕರಹಳ್ಳಿಯಲ್ಲಿ ಹೊತ್ತೂ ದಾರಿಯೂ ತಾವಾಗಿಯೇ ಗೊತ್ತಿದ್ದವು. ಮಂಗಳೂರಿನಲ್ಲಿ ಅವನ್ನು ಹೊಸದಾಗಿ ಗೊತ್ತುಮಾಡಿಕೊಳ್ಳಬೇಕು.

ಆ ವಿದ್ಯಾರ್ಥಿಗೆ ರಜೆ ಇನ್ನೂ ಉಳಿದಿದೆ. ಇಂದು ಸಂಜೆ ಮಾವನೊಡನೆ ಕಡಲತೀರದವರೆಗೆ ನಡೆದುಬರಲಿ. ನಾಳೆ ಆರು ಗಂಟೆಗೆ, ಒದ್ದೆಮರಳಿನ ಮೇಲೆ, ಎರಡೇ ಕಿಲೋಮೀಟರು ಓಡಲಿ. ಪೆಟ್ಟಿಗೆಯಿಂದ ಬೂಟುಗಳನ್ನು ಹೊರತೆಗೆಯಲು ಅಷ್ಟು ಸಾಕು.