ಅಳಿಸಿಹೋದ ಕುಸ್ತಿ, ಉಳಿದುಬಂದ ತುಣುಕು

ಅಮೆರಿಕದ ಹಳೆಯ ಕಪ್ಪು-ಬಿಳುಪು ಕುಸ್ತಿಯ ತುಣುಕೊಂದು ನಿಮ್ಮ ಕಣ್ಣಿಗೆ ಬಿದ್ದರೆ, ಪೈಲ್ವಾನರನ್ನು ನೋಡುವ ಮೊದಲು ಚಿತ್ರದ ಮೂಲೆಗಳನ್ನು ನೋಡಿ. ಮೂಲೆಗಳು ದುಂಡಗಿವೆಯೇ? ನವಿರಾದ ಅಡ್ಡಗೆರೆಗಳು ಕಾಣುತ್ತವೆಯೇ? ಬೆಳಕಿನ ಭಾಗವೆಲ್ಲ ಸುಣ್ಣ ಬಳಿದಂತಿದೆಯೇ? ಹಾಗಿದ್ದರೆ ಆ ಫಿಲಂ ನೇರವಾಗಿ ಅಖಾಡದಲ್ಲಿ ತೆಗೆದದ್ದಲ್ಲ; ಟೆಲಿವಿಷನ್ ಪರದೆಯ ಎದುರು ಫಿಲಂ ಕ್ಯಾಮೆರಾ ನಿಲ್ಲಿಸಿ ತೆಗೆದದ್ದು. ಇದಕ್ಕೆ ಕಿನೆಸ್ಕೋಪ್ ಎಂದು ಹೆಸರು.

ಮೊದಲೇ ಒಂದು ಮಾತು. ಇದು ನಮ್ಮ ಗರಡಿಮನೆಯ ಮಟ್ಟಿ ಕುಸ್ತಿಯಂತಲ್ಲ. ಯಾರು ಗೆಲ್ಲಬೇಕೆಂಬುದು ಮೊದಲೇ ನಿಶ್ಚಯವಾಗಿರುವ, ಅರ್ಧ ಆಟ ಅರ್ಧ ನಾಟಕವಾದ ವೃತ್ತಿಪರ ಕುಸ್ತಿ. ನಿಮ್ಮ ತಂದೆಯವರು ಶಾಲೆಗೆ ಹೋಗುತ್ತಿದ್ದಾಗ ಟ್ರಂಪ್ ಕಾರ್ಡುಗಳಲ್ಲಿ ಎತ್ತರ, ತೂಕ ಹೋಲಿಸಿ ಆಡುತ್ತಿದ್ದರಲ್ಲ, ಆ ಮಂದಿಯ ಹಿರಿಯರು ಇವರು. ಆದರೆ ಆಗ ಇಡೀ ದೇಶಕ್ಕೆ ಒಂದೇ ಸಂಸ್ಥೆ ಇರಲಿಲ್ಲ. 1948ರಲ್ಲಿ ಅಯೋವಾ ರಾಜ್ಯದ ವಾಟರ್‌ಲೂ ಊರಿನಲ್ಲಿ ಕೆಲವು ಸಂಘಟಕರು ಸೇರಿ ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್ ಕಟ್ಟಿದರು. ಸದಸ್ಯರು ಪ್ರಾಂತ್ಯಗಳನ್ನು ಹಂಚಿಕೊಂಡರು. ನಮ್ಮ ಬಯಲಾಟದ ಮೇಳಗಳಂತೆ ಒಂದೊಂದು ಸೀಮೆಗೆ ಒಂದೊಂದು ತಂಡ, ಅದರದೇ ನಾಯಕ, ಅದರದೇ ಖಳ.

ಟೆಲಿವಿಷನ್ ಬಂದಾಗ ಕುಸ್ತಿ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಅಖಾಡ ಚಿಕ್ಕದು, ದೀಪ ಪ್ರಖರ, ಒಂದೆರಡು ಕ್ಯಾಮೆರಾ ಸಾಕು. ಡ್ಯುಮಾಂಟ್ ಎಂಬ ಜಾಲವು ಷಿಕಾಗೋ ನಗರದ ಮಾರಿಗೋಲ್ಡ್ ಅಖಾಡದ ಕುಸ್ತಿಯನ್ನು 1949ರಿಂದ 1955ರವರೆಗೆ ದೇಶಕ್ಕೆಲ್ಲ ತೋರಿಸಿತು. ವರ್ನ್ ಗಾನ್ಯ ಅವರಂತಹ ಪೈಲ್ವಾನರು ಮನೆಮಾತಾದದ್ದು ಅಲ್ಲಿಂದಲೇ.

ಆದರೆ ದೂರದ ಊರುಗಳಿಗೆ ನೇರ ಪ್ರಸಾರ ತಲುಪುತ್ತಿರಲಿಲ್ಲ. ಪೂರ್ವ-ಪಶ್ಚಿಮ ಕರಾವಳಿಗಳ ನಡುವೆ ನೇರ ಸಂಪರ್ಕ ಏರ್ಪಟ್ಟದ್ದು 1951ರ ಸೆಪ್ಟೆಂಬರ್‌ನಲ್ಲಿ. ಅದಕ್ಕಾಗಿ 1947ರಿಂದಲೇ ಪರದೆಯ ಚಿತ್ರವನ್ನು ಹೆಚ್ಚಾಗಿ 16 ಮಿಲಿಮೀಟರ್ ಫಿಲಂ ಮೇಲೆ ಹಿಡಿದು ಅಂಚೆಯಲ್ಲೋ ವಿಮಾನದಲ್ಲೋ ಕಳುಹಿಸುತ್ತಿದ್ದರು. ಅಮೆರಿಕದ ಟೆಲಿವಿಷನ್‌ನಲ್ಲಿ ಸೆಕೆಂಡಿಗೆ 30 ಚಿತ್ರ, ಸಿನಿಮಾ ಫಿಲಂನಲ್ಲಿ 24. ಈ ವ್ಯತ್ಯಾಸವನ್ನು ಸರಿದೂಗಿಸಲು ವಿಶೇಷ ಷಟರ್ ಇರುವ ಕ್ಯಾಮೆರಾ ಬೇಕಾಗುತ್ತಿತ್ತು. ಗಮನಿಸಿ: ಮುಂದಿನ ಪೀಳಿಗೆಗೆಂದು ಯಾರೂ ಇದನ್ನು ಮಾಡಲಿಲ್ಲ. ಕಳುಹಿಸಬೇಕಿತ್ತು, ಅದಕ್ಕೇ ದಾಖಲಾಯಿತು.

ಆಮೇಲೆ? ಡ್ಯುಮಾಂಟ್ 1956ರಲ್ಲಿ ಮುಚ್ಚಿತು. ಅದರ ಫಿಲಂ ರಾಶಿಯನ್ನು 1970ರ ದಶಕದಲ್ಲಿ ಲಾರಿಗಳಲ್ಲಿ ತುಂಬಿ ನ್ಯೂಯಾರ್ಕ್ ಕೊಲ್ಲಿಗೆ ಸುರಿಯಲಾಯಿತೆಂದು ನಟಿ ಈಡಿ ಆಡಮ್ಸ್ 1996ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ನಡೆಸಿದ ವಿಚಾರಣೆಯಲ್ಲಿ ಹೇಳಿದರು. ಆದರೂ ಮಾರಿಗೋಲ್ಡ್ ಕುಸ್ತಿಯ ಕೆಲವು ಸುರುಳಿಗಳು ಉಳಿದಿವೆ.

ಹೊಸ ಯಂತ್ರ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿತೆಂದು ನೀವು ಊಹಿಸಬಹುದು. ಆದದ್ದು ತದ್ವಿರುದ್ಧ. 1956ರಲ್ಲಿ ಆಂಪೆಕ್ಸ್ ಕಂಪನಿ ಎರಡು ಅಂಗುಲ ಅಗಲದ ವಿಡಿಯೋ ಟೇಪನ್ನು ತಂದಿತು. ಚಿತ್ರ ಚೊಕ್ಕಟ. ಆದರೆ ಒಂದು ಗಂಟೆಯ ಸುರುಳಿಗೆ ಆಗಲೇ ಸುಮಾರು 300 ಡಾಲರ್. ಫಿಲಂ ಮೇಲೆ ಒಮ್ಮೆ ಮೂಡಿದ್ದು ಮೂಡಿತು. ಟೇಪನ್ನಾದರೆ ಅಳಿಸಿ ಮತ್ತೆ ಬಳಸಬಹುದು. ಸ್ಲೇಟಿನ ಹಾಗೆ. ಶನಿವಾರದ ಕಾರ್ಯಕ್ರಮ ಸಂಘಟಕನ ಪಾಲಿಗೆ ಬರಿಯ ಜಾಹೀರಾತು. ಮುಂದಿನ ಪಂದ್ಯದ ಟಿಕೆಟ್ ಮಾರಿದ ಮೇಲೆ ಅದಕ್ಕೆ ಬೆಲೆಯೇನು? ಅದೇ ಟೇಪಿನ ಮೇಲೆ ಮುಂದಿನ ವಾರದ ಕುಸ್ತಿ ಬಂದು ಕುಳಿತಿತು. ಹೀಗೆ ಎಷ್ಟೋ ಪ್ರಾಂತ್ಯಗಳಲ್ಲಿ 1960ರ ದಶಕದ ಕುಸ್ತಿ ವರ್ಷಗಟ್ಟಲೆ ಮಾಯವಾಗಿದೆ.

ಹೋದರೆ ಹೋಗಲಿ, ಬರಿಯ ಕುಸ್ತಿ ತಾನೇ ಎನ್ನಬೇಡಿ. ಮೆಂಫಿಸ್ ನಗರದ ಸ್ಪುಟ್ನಿಕ್ ಮನ್ರೋ ಎಂಬ ಬಿಳಿಯ ಪೈಲ್ವಾನರ ಸಂಗತಿ ಕೇಳಿ. 1950ರ ದಶಕದ ಕೊನೆಯಲ್ಲಿ ಅಲ್ಲಿ ಕರಿಯ ಪ್ರೇಕ್ಷಕರನ್ನು ಮೇಲಿನ ಬಾಲ್ಕನಿಯಲ್ಲಿ ಪ್ರತ್ಯೇಕ ಕೂರಿಸುತ್ತಿದ್ದರು. ಅವರಿಗೆ ಎಲ್ಲೆಡೆ ಜಾಗ ಕೊಡದಿದ್ದರೆ ತಾನು ಅಖಾಡಕ್ಕೆ ಇಳಿಯುವುದಿಲ್ಲ ಎಂದು ಮನ್ರೋ ಹಟ ಹಿಡಿದರು; ಸಂಘಟಕರು ಮಣಿದರು. ಇದು ನಮಗೆ ತಿಳಿದಿರುವುದು ಹೆಚ್ಚಾಗಿ ಜನರ ನೆನಪುಗಳಿಂದ. ಯಾರು ಎಲ್ಲಿ ಕುಳಿತಿದ್ದರು, ಬಿಳಿಯರ ನಡುವೆ ಬಂದು ಕುಳಿತ ಆ ಮೊದಲ ಕೆಲವರ ಮುಖ ಹೇಗಿತ್ತು? ಅಂತಹುದನ್ನು ತೋರಿಸಬಲ್ಲದ್ದು ಕ್ಯಾಮೆರಾ ಒಂದೇ. ಪಂದ್ಯದ ಫಲಿತಾಂಶ ಕೃತಕವಿರಬಹುದು, ಮುಂದಿನ ಸಾಲಿನಲ್ಲಿ ಕೈಚೀಲ ಬೀಸುತ್ತ ಖಳನನ್ನು ಬಯ್ಯುವ ಅಜ್ಜಿ ಕೃತಕವಲ್ಲ. ಈ ತುಣುಕುಗಳಲ್ಲಿ ನನಗೆ ಅತಿ ಬೆಲೆಯುಳ್ಳದ್ದಾಗಿ ಕಾಣುವುದು ಅವಳೇ.

1982ರಲ್ಲಿ ವಿನ್ಸ್ ಮ್ಯಾಕ್‌ಮಾನ್ ತಂದೆಯಿಂದ ಈಶಾನ್ಯ ಸೀಮೆಯ ಕಂಪನಿಯನ್ನು ಕೊಂಡು, ಗಡಿಗಳನ್ನು ದಾಟಿ ದೇಶವ್ಯಾಪಿಯಾಗಿ ಬೆಳೆದರು. ಪ್ರಾಂತೀಯ ತಂಡಗಳು ಒಂದೊಂದಾಗಿ ಮುಚ್ಚಿದವು. ಮುಂದೆ ಅದೇ ಕಂಪನಿ 2001ರಲ್ಲಿ ಪ್ರತಿಸ್ಪರ್ಧಿ ಡಬ್ಲ್ಯುಸಿಡಬ್ಲ್ಯು ಸಂಸ್ಥೆಯನ್ನೂ, ಆಮೇಲೆ ಇತರರ ಟೇಪುಗಳನ್ನೂ ಕೊಂಡು, 2014ರಲ್ಲಿ ಅಂತರ್ಜಾಲದ ಚಂದಾ ಸೇವೆಯಲ್ಲಿ ತೋರಿಸತೊಡಗಿತು. ಪ್ರಾಂತ್ಯಗಳನ್ನು ಮುಗಿಸಿದವರೇ ಅವುಗಳ ನೆನಪಿನ ಒಡೆಯರೂ ಆದರು.

ಆದರೆ ನಿಲಯಗಳೇ ಅಳಿಸಿಬಿಟ್ಟದ್ದನ್ನು ಎಲ್ಲಿಂದ ಕೊಳ್ಳುವುದು? ಅದರಲ್ಲಿ ಒಂದಿಷ್ಟು ಉಳಿದದ್ದು ಸಾಮಾನ್ಯ ವೀಕ್ಷಕರಿಂದ. 1975ರಲ್ಲಿ ಬೀಟಾಮ್ಯಾಕ್ಸ್, 1977ರಲ್ಲಿ ವಿಎಚ್‌ಎಸ್ ಅಮೆರಿಕದ ಮನೆಗಳಿಗೆ ಬಂದವು. ಮೆಂಫಿಸ್‌ನ ಶನಿವಾರ ಬೆಳಗಿನ ನೇರ ಪ್ರಸಾರವನ್ನು ಅಭಿಮಾನಿಗಳು ಮನೆಯಲ್ಲಿ ಮುದ್ರಿಸಿಕೊಂಡು, ಬೇರೆ ಸೀಮೆಯವರೊಂದಿಗೆ ಅಂಚೆಯಲ್ಲಿ ವಿನಿಮಯ ಮಾಡಿಕೊಂಡರು. ಪ್ರತಿಯ ಪ್ರತಿ, ಅದರ ಪ್ರತಿ. ಪ್ರತಿಬಾರಿಯೂ ಬಣ್ಣ ಕದಡುತ್ತದೆ, ಧ್ವನಿಯಲ್ಲಿ ಸದ್ದು ಸೇರುತ್ತದೆ. ಅಂತಹ ಟೇಪುಗಳಲ್ಲಿ ಪಂದ್ಯಗಳು ಎಷ್ಟೋ ವೇಳೆ ನಡುವಿನಿಂದಲೇ ಶುರುವಾಗುತ್ತವೆ. ಜಾಹೀರಾತು ಬಂದಾಗ ಟೇಪು ಉಳಿಯಲೆಂದು ಗುಂಡಿ ಒತ್ತಿ ನಿಲ್ಲಿಸಿರುತ್ತಾರೆ; ಮತ್ತೆ ಒತ್ತುವಷ್ಟರಲ್ಲಿ ಇಬ್ಬರೂ ಪಟ್ಟು ಹಿಡಿದು ನೆಲಕ್ಕುರುಳಿರುತ್ತಾರೆ.