ಮಣೆಯ ಮೇಲೂ ಬಿತ್ತನೆ!

ಚೌಡಾಪುರ ಸೀಮೆಯ ಕರಿಮಣ್ಣಿಗೆ ಮುಂಗಾರಿನಲ್ಲಿ ತೊಗರಿ ಬೀಳುತ್ತದೆ. ಅಳಗುಳಿಮಣೆಯ ಗುಳಿಗೆ ಬೀಳುವುದು ಹುಣಸೆಬೀಜ!

● ಅಳಗುಳಿಮಣೆ ಇಬ್ಬರ ಆಟ. ಎರಡು ಸಾಲು, ಸಾಲಿಗೆ 7ರಂತೆ 14 ಗುಳಿ.

● ಒಂದು ಗುಳಿಯ ಕಾಳು ಬಾಚಿ, ಮುಂದಿನವಕ್ಕೆ ಒಂದೊಂದೇ ಹಾಕುತ್ತ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯ ಕಾಳೆತ್ತಿ ಆಟ ಮುಂದುವರಿಕೆ. ಅದು ಖಾಲಿಯಿದ್ದರೆ ಅದರಾಚೆಯದು ನಿಮ್ಮ ಫಸಲು!

● ಕರಾವಳಿಯಲ್ಲಿ ಇದೇ ಚೆನ್ನೆಮಣೆ. ಒಬ್ಬರೇ ಆಡುವ ಬಗೆಯೂ ಉಂಟು. ಅಶೋಕವನದಲ್ಲಿ ಸೀತೆ ಆಡಿದಳೆಂಬ ನಂಬಿಕೆಯಿಂದ ಅದು ‘ಸೀತೆಯಾಟ’.

● ಆಫ್ರಿಕಾದಿಂದ ಆಗ್ನೇಯ ಏಷ್ಯಾವರೆಗೆ ಇದರ ಬಳಗ ಹಬ್ಬಿದೆ. ಒಟ್ಟು ಹೆಸರು ಮಂಕಾಲ.

● ಮಣೆಯ ಮೇಲಿನ ಬೇಸಾಯ ಬೇರೆ ಬಗೆಯಲ್ಲೂ ಉಂಟು: ಜರ್ಮನಿಯ ಉವೆ ರೋಸೆನ್‌ಬರ್ಗ್ 2014ರಲ್ಲಿ ತಂದ ‘ಫೀಲ್ಡ್ಸ್ ಆಫ್ ಆರ್ಲೆ’ ಒಬ್ಬರು ಅಥವಾ ಇಬ್ಬರು ಆಡುವ ಬೇಸಾಯದಾಟ. ಅಲ್ಲೂ ಗೆಲ್ಲುವುದು ಲೆಕ್ಕ ಬಲ್ಲ ರೈತನೇ!